ಹಿಮದ ನಾಡಿನ ವಿದ್ಯಾರ್ಥಿ

ಜ್ಞಾನವನ್ನು ಅರಸಿ ದೂರದೇಶಗಳಿಗೆ ಹೋದವರು ಎಲ್ಲ ಕಾಲಗಳಲ್ಲಿಯೂ ಇದ್ದಾರೆ. ಅವರಲ್ಲಿ ಹೆಚ್ಚಿನವರು ಹೆಸರಾಂತ ಗುರುಗಳನ್ನೋ ಪ್ರಸಿದ್ಧ ವಿದ್ಯಾಪೀಠಗಳನ್ನೋ ಹುಡುಕಿಕೊಂಡು ಹೋದವರು. ಡಾಕ್ಟರೇಟ್ ಪದವಿಯನ್ನು ಪಡೆದಾದ ಮೇಲೆ, ಶಾಲೆಯಾಗಲಿ ಪುಸ್ತಕವಾಗಲಿ ಇಲ್ಲದ, ವರ್ಷದ ಬಹುಭಾಗ ಹಿಮ ಹೊದ್ದು ಮಲಗಿರುವ ನಾಡಿಗೆ ಹೋಗಿ, ಅಲ್ಲಿಯ ಬೇಟೆಗಾರರ ಮುಂದೆ ವಿದ್ಯಾರ್ಥಿಯಾಗಿ ಕುಳಿತವರು ವಿರಳ. ಅಂತಹ ವಿರಳರಲ್ಲಿ ಫ್ರಾಂಜ್ ಬೋವಾಸ್ ಒಬ್ಬರು. ಮನುಷ್ಯಕುಲದಲ್ಲಿ ಹುಟ್ಟಿನಿಂದಲೇ ಮೇಲಾದ ಜನಾಂಗ, ಕೀಳಾದ ಜನಾಂಗ ಎಂಬ ಭೇದವಿಲ್ಲವೆಂಬುದನ್ನು ವಿಜ್ಞಾನದ ಮಾರ್ಗದಿಂದ ಸಾರಿದವರಲ್ಲಿ ಅವರ ಹೆಸರು ಮುಂಚೂಣಿಯಲ್ಲಿದೆ.

ಬೋವಾಸರು 1858ನೆಯ ಜುಲೈ 9ರಂದು ಜರ್ಮನಿಯ ವೆಸ್ಟ್‌ಫೇಲಿಯ ಪ್ರಾಂತದ ಮಿಂಡೆನ್ ಎಂಬ ಊರಿನಲ್ಲಿ ಜನಿಸಿದರು. ತಂದೆ ಮೈಯರ್ ಬೋವಾಸ್ ವರ್ತಕರು. ತಾಯಿ ಸೋಫಿ ವಿದ್ಯಾಭಿಮಾನಿ. ಊರಿನಲ್ಲಿ ಶಿಶುವಿಹಾರವನ್ನು ಸ್ಥಾಪಿಸಿದವರು. ಯೆಹೂದಿ ಕುಟುಂಬವಾದರೂ ಮತಾಚಾರಗಳ ಕಟ್ಟುಪಾಡು ಆ ಮನೆಯಲ್ಲಿ ಸಡಿಲವಾಗಿತ್ತು. ಸ್ವತಂತ್ರ ವಿಚಾರಕ್ಕೆ ಹೆಚ್ಚು ಬೆಲೆಯಿತ್ತು. 1848ರ ಕ್ರಾಂತಿಯ ಆದರ್ಶಗಳನ್ನು ಆ ಮನೆಯವರು ಮರೆತಿರಲಿಲ್ಲ. ತಾಯಿಯ ತಂಗಿಯನ್ನು ವಿವಾಹವಾಗಿದ್ದ ಅಬ್ರಹಾಂ ಜಾಕೋಬಿ ಎಂಬ ವೈದ್ಯರು ಆ ಚಳವಳಿಯ ನಿಮಿತ್ತ ಸೆರೆಮನೆ ಕಂಡು, ಅನಂತರ ಅಮೆರಿಕಕ್ಕೆ ಹೋಗಿ ನೆಲೆಸಿದ್ದರು. ಇಂತಹ ಪರಿಸರದಲ್ಲಿ ಬೆಳೆದ ಬಾಲಕನಿಗೆ ಗಿಡಮರ, ಕಲ್ಲುಮಣ್ಣು, ದೂರದೇಶಗಳ ವಿಚಾರಗಳಲ್ಲಿ ಅಪಾರ ಕುತೂಹಲವಿತ್ತು.

ಹೈಡೆಲ್‌ಬರ್ಗ್, ಬಾನ್, ಕೀಲ್ ವಿಶ್ವವಿದ್ಯಾನಿಲಯಗಳಲ್ಲಿ ಬೋವಾಸರು ಗಣಿತ, ಭೌತಶಾಸ್ತ್ರ ಮತ್ತು ಭೂಗೋಳಶಾಸ್ತ್ರಗಳನ್ನು ಅಭ್ಯಾಸ ಮಾಡಿದರು. 1881ರಲ್ಲಿ ಕೀಲ್‌ನಲ್ಲಿ ಅವರಿಗೆ ಡಾಕ್ಟರೇಟ್ ದೊರೆಯಿತು. ಪ್ರಬಂಧದ ವಿಷಯ ನೀರಿನ ಬಣ್ಣ. ಬೆಳಕು ನೀರಿನೊಳಗೆ ಹಾಯ್ದಾಗ ಏನಾಗುತ್ತದೆ ಎಂಬುದನ್ನು ಅವರು ಅಳೆಯಹೊರಟರು. ಅಳೆಯುತ್ತಿದ್ದಂತೆ ಒಂದು ತೊಡಕು ಎದುರಾಯಿತು. ಎರಡು ಬಣ್ಣಗಳ ನಡುವಣ ಸೂಕ್ಷ್ಮವಾದ ಅಂತರವು ನೀರನ್ನು ಮಾತ್ರ ಅವಲಂಬಿಸಿರಲಿಲ್ಲ. ನೋಡುವ ಕಣ್ಣನ್ನೂ, ನೋಡುವ ಸಂದರ್ಭವನ್ನೂ ಅವಲಂಬಿಸಿತ್ತು. ಮನುಷ್ಯನು ಇರುವುದನ್ನು ಇರುವಂತೆಯೇ ಕಾಣುತ್ತಾನೆಯೆ, ಅಥವಾ ತನಗೆ ರೂಢಿಯಾದುದನ್ನು ಕಾಣುತ್ತಾನೆಯೆ? ಈ ಪ್ರಶ್ನೆಯು ಪದವಿ ಕೈಗೆ ಬಂದ ಮೇಲೂ ಅವರ ಮನಸ್ಸಿನಲ್ಲಿ ಉಳಿಯಿತು. ಅದರ ಉತ್ತರವನ್ನು ಪ್ರಯೋಗಶಾಲೆಗಿಂತ ಮನುಷ್ಯರ ನಡುವೆ ಹುಡುಕಬೇಕೆಂದು ಅವರಿಗೆ ತೋರಿತು.

ಆ ಕಾಲದ ಜರ್ಮನಿಯಲ್ಲಿ ವಿಶ್ವವಿದ್ಯಾನಿಲಯದ ಅಧ್ಯಾಪಕರಾಗಬೇಕಾದರೆ ಡಾಕ್ಟರೇಟ್ ಒಂದೇ ಸಾಲುತ್ತಿರಲಿಲ್ಲ; ಮತ್ತೊಂದು ಪ್ರೌಢಪ್ರಬಂಧವನ್ನು ಒಪ್ಪಿಸಬೇಕಾಗಿತ್ತು. ಅದಕ್ಕಾಗಿ ಬೋವಾಸರು ಕೆನಡದ ಉತ್ತರದಲ್ಲಿರುವ ಬಾಫಿನ್ ದ್ವೀಪವನ್ನು ಆರಿಸಿಕೊಂಡರು. ಅಲ್ಲಿಯ ನಿವಾಸಿಗಳನ್ನು ಹೊರಗಿನವರು ಎಸ್ಕಿಮೋ ಎಂದು ಕರೆಯುತ್ತಿದ್ದರು. ಅವರು ತಮ್ಮನ್ನು ಕರೆದುಕೊಳ್ಳುವ ಹೆಸರು ಇನ್ಯೂಟ್. ನೆಲ, ಹಿಮ ಮತ್ತು ಬೇಟೆಯ ಪ್ರಾಣಿಗಳು ಆ ಜನರ ಸಂಚಾರವನ್ನು ಹೇಗೆ ನಿರ್ಧರಿಸುತ್ತವೆ ಎಂಬುದನ್ನು ತಿಳಿಯುವುದು ಬೋವಾಸರ ಉದ್ದೇಶವಾಗಿತ್ತು. ಪರಿಸರವನ್ನು ಅರಿತರೆ ಅದರೊಳಗಿನ ಮನುಷ್ಯನನ್ನೂ ಅರಿಯಬಹುದೆಂದು ಆಗ ಅವರು ನಂಬಿದ್ದರು.

ಸಿದ್ಧತೆಗಾಗಿ ಬರ್ಲಿನ್ನಿಗೆ ಹೋಗಿ, ಆ ಜನರ ಭಾಷೆಯ ಮೊದಲ ಪಾಠಗಳನ್ನೂ ನಕ್ಷೆ ತಯಾರಿಸುವ ಕ್ರಮವನ್ನೂ ಕಲಿತರು. ಬರ್ಲಿನ್ನಿನ ದಿನಪತ್ರಿಕೆಯೊಂದು ಪ್ರವಾಸಲೇಖನಗಳಿಗಾಗಿ ಮುಂಗಡ ಹಣ ಕೊಟ್ಟಿತು. 1882-83ರ ಅಂತರರಾಷ್ಟ್ರೀಯ ಧ್ರುವವರ್ಷದ ಅಂಗವಾಗಿ ಬಾಫಿನ್ ದ್ವೀಪದಲ್ಲಿ ಕೆಲಸ ಮಾಡುತ್ತಿದ್ದ ಜರ್ಮನ್ ವಿಜ್ಞಾನಿಗಳನ್ನು ಕರೆತರಲು ಹೊರಟಿದ್ದ ಜರ್ಮೇನಿಯ ಎಂಬ ಹಡಗಿನಲ್ಲಿ ಅವರಿಗೆ ಸ್ಥಳ ದೊರೆಯಿತು. ಮಗನನ್ನು ಒಂಟಿಯಾಗಿ ಕಳುಹಿಸಲು ತಂದೆ ಒಪ್ಪಲಿಲ್ಲ. ಮನೆಯ ಸೇವಕನಾಗಿದ್ದ ವಿಲ್ಹೆಲ್ಮ್ ವೈಕೆ ಎಂಬ ತರುಣನನ್ನು ಜೊತೆಗೆ ಕಳುಹಿಸಿದರು. 1883ರ ಜೂನ್ ತಿಂಗಳಲ್ಲಿ ಹಡಗು ಹ್ಯಾಂಬರ್ಗನ್ನು ಬಿಟ್ಟಿತು. ತೇಲುವ ಹಿಮರಾಶಿ ದಾರಿಯನ್ನು ತಡೆದುದರಿಂದ ವಾರಗಟ್ಟಲೆ ಸಮುದ್ರದಲ್ಲಿಯೇ ಕಾದು, ಆಗಸ್ಟ್ ಕೊನೆಯಲ್ಲಿ ಕಂಬರ್‌ಲ್ಯಾಂಡ್ ಕೊಲ್ಲಿಯ ಕೆಕರ್ಟನ್ ಎಂಬ ನಡುಗಡ್ಡೆಯನ್ನು ಸೇರಿತು. ಆಗ ಬೋವಾಸರಿಗೆ 25 ವರ್ಷ.

ಕೆಕರ್ಟನ್ ಉತ್ತರ ಧ್ರುವವೃತ್ತದ ಅಂಚಿನಲ್ಲಿರುವ ನೆಲೆ. ತಿಮಿಂಗಿಲ ಹಿಡಿಯುವ ಸ್ಕಾಟ್ಲೆಂಡಿನವರ ಠಾಣೆ ಅಲ್ಲಿತ್ತು. ಠಾಣೆಯ ಮುಖ್ಯಸ್ಥರಾದ ಜೇಮ್ಸ್ ಮಚ್ ಅವರು ತರುಣ ವಿದ್ವಾಂಸನನ್ನು ಆದರದಿಂದ ಬರಮಾಡಿಕೊಂಡರು. ಸಿಗ್ನ ಎಂಬ ಇನ್ಯೂಟ್ ಬೇಟೆಗಾರನು ಅವರ ಮಾರ್ಗದರ್ಶಿಯಾದನು. ಹಿಮಗಟ್ಟಿದ ಸಮುದ್ರದ ಮೇಲೆ ನಡೆಯುವುದು, ಉಸಿರಾಡಲು ಹಿಮದ ರಂಧ್ರಕ್ಕೆ ಬರುವ ಸೀಲ್ ಪ್ರಾಣಿಗಾಗಿ ಅಲುಗಾಡದೆ ಕಾಯುವುದು, ಹಿಮದ ಇಟ್ಟಿಗೆಗಳನ್ನು ಕೊಯ್ದು ಸಂಜೆಯೊಳಗೆ ಗುಮ್ಮಟದಂತಹ ಮನೆಯನ್ನು ಕಟ್ಟುವುದು, ಇವೆಲ್ಲವೂ ಪುಸ್ತಕದಲ್ಲಿ ಕಲಿಯಲಾಗದ ವಿದ್ಯೆಗಳು. ಪರಿಣತನೊಬ್ಬನಿಗೆ ಸಹಜವಾಗಿದ್ದ ಈ ಕೆಲಸಗಳಲ್ಲಿ ಡಾಕ್ಟರೇಟ್ ಪಡೆದವರು ಎಳೆಯ ಮಗುವಿನಂತೆ ಇದ್ದರು. ಕಲ್ಲಿನ ದೀಪದಲ್ಲಿ ಸೀಲ್ ಪ್ರಾಣಿಯ ಕೊಬ್ಬನ್ನು ಉರಿಸಿ ಹೆಂಗಸರು ಮನೆಯನ್ನು ಬೆಚ್ಚಗಿಡುತ್ತಿದ್ದರು. ಆ ದೀಪದ ಸುತ್ತ ಕುಳಿತು ಬೋವಾಸರು ಕಥೆಗಳನ್ನೂ ಹಾಡುಗಳನ್ನೂ ಬರೆದುಕೊಂಡರು. ಸಮುದ್ರದ ಪ್ರಾಣಿಗಳಿಗೆಲ್ಲ ಒಡತಿಯಾದ ಸೆಡ್ನ ಎಂಬ ದೇವತೆಯ ಕಥೆಯನ್ನು ಅವರು ಕೇಳಿದುದು ಅಲ್ಲಿಯೇ. ಬೇಟೆಗಾರರು ನೆನಪಿನಿಂದಲೇ ತೀರಪ್ರದೇಶದ ನಕ್ಷೆಗಳನ್ನು ಬರೆದುಕೊಟ್ಟರು. ಪ್ರತಿಯೊಂದು ಕೊಲ್ಲಿಗೂ ಬಂಡೆಗೂ ನಡುಗಡ್ಡೆಗೂ ಅವರಲ್ಲಿ ಹೆಸರಿತ್ತು. ಯೂರೋಪಿನ ಭೂಪಟಗಳಲ್ಲಿ ಬರಿದಾಗಿ ಕಾಣುತ್ತಿದ್ದ ನೆಲವು ವಾಸ್ತವವಾಗಿ ನೂರಾರು ಹೆಸರುಗಳಿಂದ ತುಂಬಿತ್ತು.

ಆ ಚಳಿಗಾಲವು ಕಷ್ಟಪರಂಪರೆಯನ್ನೇ ತಂದಿತು. ಕೊಲ್ಲಿಯ ಸುತ್ತಲಿನ ನಾಯಿಗಳಿಗೆ ರೋಗ ತಗುಲಿ ಅವು ಗುಂಪುಗುಂಪಾಗಿ ಸತ್ತವು. ನಾಯಿಗಳಿಲ್ಲದೆ ಜಾರುಬಂಡಿ ಇಲ್ಲ. ಜಾರುಬಂಡಿ ಇಲ್ಲದೆ ದೂರಪ್ರಯಾಣವಿಲ್ಲ. ಪಶ್ಚಿಮತೀರದವರೆಗೆ ಹೋಗಬೇಕೆಂಬ ಯೋಜನೆಯನ್ನು ಬೋವಾಸರು ಕೈಬಿಡಬೇಕಾಯಿತು. ಇದಕ್ಕಿಂತ ದಾರುಣವಾದುದು ಮಕ್ಕಳನ್ನು ಬಲಿತೆಗೆದುಕೊಳ್ಳುವ ಗಂಟಲುಮಾರಿ ರೋಗ. ಡಾಕ್ಟರ್ ಎಂಬ ಬಿರುದನ್ನು ಕೇಳಿದ್ದ ಇನ್ಯೂಟರು ಅವರನ್ನು ದೊಡ್ಡ ವೈದ್ಯರೆಂದು ತಿಳಿದು ರೋಗಿಗಳ ಬಳಿಗೆ ಕರೆದೊಯ್ಯುತ್ತಿದ್ದರು. ನೀರಿನ ಬಣ್ಣವನ್ನು ಕುರಿತು ಪದವಿ ಪಡೆದ ಡಾಕ್ಟರರು ಏನು ಮಾಡಬಲ್ಲರು? ಕೈಯಲ್ಲಿದ್ದ ಅಲ್ಪಸ್ವಲ್ಪ ಔಷಧವನ್ನು ಕೊಟ್ಟು ಹಾಸಿಗೆಯ ಬಳಿ ಕುಳಿತರು. ರೋಗಿಗಳು ಅವರ ಕಣ್ಣೆದುರಿಗೇ ಮಡಿದರು. ತಮ್ಮ ವಿದ್ಯೆಯ ಮಿತಿಯನ್ನು ಅವರು ಅಂದು ಕಂಡಷ್ಟು ಸ್ಪಷ್ಟವಾಗಿ ಬೇರೆಂದೂ ಕಂಡಿರಲಾರರು.

ರೋಗ ಹಬ್ಬಿದಂತೆ ಸಂಶಯವೂ ಹಬ್ಬಿತು. ಈ ಪರದೇಶಿಯೇ ರೋಗವನ್ನು ತಂದವನೆಂದು ಒಂದು ನೆಲೆಯ ಮಂತ್ರವಾದಿ ಸಾರಿದನು. ಯಾರೂ ಅವನಿಗೆ ಆಶ್ರಯವನ್ನಾಗಲಿ ನಾಯಿಗಳನ್ನಾಗಲಿ ಕೊಡಬಾರದೆಂದು ವಿಧಿಸಿದನು. ಬೋವಾಸರು ಆತನ ಊರಿಗೇ ಹೋಗಿ, ತಮ್ಮನ್ನು ಮನೆಗೆ ಕರೆಯುವವರೆಗೆ ಆತನೊಡನೆ ಯಾವ ವ್ಯಾಪಾರವೂ ಇಲ್ಲವೆಂದು ತಿಳಿಸಿದರು. ಬಂದೂಕಿನ ಮದ್ದುಗುಂಡುಗಳಿಗೆ ಹೊರಗಿನವರನ್ನು ನೆಚ್ಚಿದ್ದ ಬೇಟೆಗಾರನಿಗೆ ಇದು ಸಣ್ಣ ಮಾತಲ್ಲ. ಕೆಲವು ವಾರಗಳ ಮೇಲೆ ಆತ ಸೀಲ್ ಚರ್ಮಗಳನ್ನು ತಂದೊಪ್ಪಿಸಿ ಸಂಧಿ ಮಾಡಿಕೊಂಡನು. ಬೋವಾಸರು ಗೆದ್ದರು, ನಿಜ. ಆದರೆ ಆ ಮಂತ್ರವಾದಿಯ ಶಂಕೆಯನ್ನು ಬರಿಯ ಮೂಢನಂಬಿಕೆ ಎನ್ನುವಂತಿಲ್ಲ. ತಿಮಿಂಗಿಲದ ಹಡಗುಗಳು ಬರಲಾರಂಭಿಸಿದ ಮೇಲೆ ಹೊಸ ರೋಗಗಳೂ ಬಂದು, ಆ ತೀರದ ಜನಸಂಖ್ಯೆ ಕುಗ್ಗುತ್ತ ಬಂದಿತ್ತು. ನೆಲೆನೆಲೆಗಳಲ್ಲಿ ಜನರ ಲೆಕ್ಕ ತೆಗೆದ ಬೋವಾಸರೇ ಇದನ್ನು ದಾಖಲಿಸಿದ್ದಾರೆ.

1883ರ ಡಿಸೆಂಬರಿನಲ್ಲಿ ಬೋವಾಸ್, ವೈಕೆ ಮತ್ತು ಸಿಗ್ನ ಮೂವರೂ ಕೊಲ್ಲಿಯ ಮೇಲುಭಾಗದ ಅನಾರ್ನಿಟುಂಗ್ ಎಂಬ ನೆಲೆಗೆ ಹೊರಟರು. ಉಷ್ಣತೆ ಸೊನ್ನೆಗಿಂತ 40 ಡಿಗ್ರಿಗೂ ಕೆಳಗಿಳಿದಿತ್ತು. ಒರಟಾದ ಹಿಮಗಡ್ಡೆಗಳ ನಡುವೆ, ಕಾಲು ಹೂಳುವ ಮೆತ್ತನೆಯ ಹಿಮದಲ್ಲಿ ದಾರಿ ತಪ್ಪಿತು. ಸುಮಾರು 26 ಗಂಟೆಗಳ ಕಾಲ ಹಸಿವು, ಚಳಿ, ಕತ್ತಲೆಗಳೊಡನೆ ಹೋರಾಡಿ ಕೊನೆಗೆ ನೆಲೆಯನ್ನು ಸೇರಿದಾಗ ವೈಕೆಯ ಪಾದಗಳು ಚಳಿಯಿಂದ ಮರಗಟ್ಟಿದ್ದವು. ಅಲ್ಲಿಯ ಜನ ಏನನ್ನೂ ಕೇಳದೆ ಅವರನ್ನು ಒಳಗೆ ಕರೆದುಕೊಂಡು, ಬೆಚ್ಚಗಿನ ಜಾಗವನ್ನೂ ಆಹಾರವನ್ನೂ ಕೊಟ್ಟರು. ಆ ವರ್ಷ ಬೇಟೆ ಧಾರಾಳವಾಗಿರಲಿಲ್ಲ. ಹೀಗಿದ್ದರೂ ಯಾರಾದರೂ ಒಂದು ಸೀಲ್ ಪ್ರಾಣಿಯನ್ನು ತಂದರೆ ಅದು ಊರಿಗೆಲ್ಲ ಹಂಚಿಕೆಯಾಗುತ್ತಿತ್ತು. ಒಬ್ಬರು ಉಣ್ಣುವಾಗ ಮತ್ತೊಬ್ಬರು ಹಸಿದಿರುವುದು ಅಲ್ಲಿ ನಡೆಯದ ಮಾತು. ಬೋವಾಸರೂ ಅವರೊಡನೆ ಕುಳಿತು ಸೀಲ್ ಪ್ರಾಣಿಯ ಹಸಿಯ ಯಕೃತ್ತನ್ನು ತಿಂದರು.

ಆ ದಿನಗಳಲ್ಲಿ ಬೋವಾಸರು ತಮ್ಮ ಭಾವೀ ಪತ್ನಿ ಮೇರಿ ಕ್ರಾಕೋವೈಜರ್ ಅವರಿಗೆ ದಿನವೂ ಪತ್ರ ಬರೆಯುತ್ತಿದ್ದರು. ಅಂಚೆಯಿಲ್ಲದ ನಾಡಿನಲ್ಲಿ ಅವು ಕಳುಹಿಸಲಾಗದ ಪತ್ರಗಳು. ಒಂದರ ಮೇಲೊಂದು ಸೇರಿ ದಿನಚರಿಯೇ ಆಯಿತು. ಕ್ರಿಸ್‌ಮಸ್ಸಿಗೆ ಎರಡು ದಿನ ಮೊದಲು ಬರೆದ ಪುಟದಲ್ಲಿ ಒಂದು ಆತ್ಮಪರೀಕ್ಷೆಯಿದೆ. ನಾಗರಿಕರೆನಿಸಿಕೊಂಡ ತಮ್ಮ ಸಮಾಜವು ಅನಾಗರಿಕರೆಂದು ಕರೆಸಿಕೊಳ್ಳುವ ಈ ಜನರಿಗಿಂತ ಯಾವ ವಿಷಯದಲ್ಲಿ ಮೇಲೆಂದು ಅವರು ತಮ್ಮನ್ನು ತಾವೇ ಕೇಳಿಕೊಂಡರು. ಈ ಜನರ ಆತಿಥ್ಯವನ್ನು ಕಂಡಂತೆಲ್ಲ ಅವರನ್ನು ಕೀಳಾಗಿ ನೋಡುವ ಹಕ್ಕು ತಮ್ಮವರಿಗೆ ಇಲ್ಲವೆಂಬ ಅರಿವು ಅವರಲ್ಲಿ ಮೂಡಿತು. ಮನುಷ್ಯನ ಬೆಲೆಯನ್ನು ನಿರ್ಣಯಿಸಬೇಕಾದುದು ಹೃದಯಸಂಸ್ಕಾರದಿಂದ ಎಂಬ ನಿಲುವಿಗೆ ಅವರು ಬಂದರು. ದೀರ್ಘರಾತ್ರಿಗಳಲ್ಲಿ ಕಾಂಟ್ ಎಂಬ ತತ್ತ್ವಜ್ಞಾನಿಯ ಗ್ರಂಥವನ್ನು ಓದುತ್ತಿದ್ದ ಆ ತರುಣನಿಗೆ, ಪುಸ್ತಕಕ್ಕಿಂತ ದೊಡ್ಡ ಪಾಠವನ್ನು ಹಿಮದ ಗುಡಿಸಿಲು ಕಲಿಸಿತು.

ವೈಜ್ಞಾನಿಕವಾಗಿಯೂ ಅವರ ಮೊದಲಿನ ನಂಬಿಕೆ ಅಲುಗಿತು. ಹಿಮ, ಸಮುದ್ರ, ಬೇಟೆಗಳು ಜನಜೀವನಕ್ಕೆ ಎಲ್ಲೆಗಳನ್ನು ಹಾಕುತ್ತವೆ ಎಂಬುದು ನಿಜವಾಗಿತ್ತು. ಆದರೆ ಸಮುದ್ರದ ಸೀಲ್ ಮಾಂಸವನ್ನೂ ನೆಲದ ಹಿಮಸಾರಂಗದ ಮಾಂಸವನ್ನೂ ಒಟ್ಟಿಗೆ ಸೇರಿಸಬಾರದೆಂಬ ನಿಷೇಧವನ್ನು ಯಾವ ಹಿಮವೂ ವಿಧಿಸಿರಲಿಲ್ಲ. ಅದು ಹಿರಿಯರಿಂದ ಬಂದ ಸಂಪ್ರದಾಯ; ಸೆಡ್ನಳ ಕಥೆಯೊಡನೆ ಹೆಣೆದುಕೊಂಡ ನಂಬಿಕೆ. ಪರಿಸರವನ್ನು ಅಳೆದರೆ ಮನುಷ್ಯನ ಅಳತೆ ಪೂರ್ಣವಾಗದು. ಅವನ ಭಾಷೆ, ಕಥೆ, ಆಚಾರ ಮತ್ತು ಇತಿಹಾಸವನ್ನು ತಿಳಿಯಬೇಕು ಎಂಬುದು ಅವರಿಗೆ ಕ್ರಮೇಣ ಮನದಟ್ಟಾಯಿತು. ಭೂಗೋಳಶಾಸ್ತ್ರಜ್ಞರಾಗಿ ಹೋದವರು ಮಾನವಶಾಸ್ತ್ರದ ಹಾದಿ ಹಿಡಿದು ಹಿಂದಿರುಗಿದರು.

1884ರ ವಸಂತದಲ್ಲಿ ನಾಯಿಗಳನ್ನು ಸಂಪಾದಿಸಿಕೊಂಡು ಅವರು ದ್ವೀಪದ ಪೂರ್ವತೀರಕ್ಕೆ ಹೋದರು. ಬೇಸಗೆಯ ಕೊನೆಯಲ್ಲಿ ತಿಮಿಂಗಿಲದ ಹಡಗೊಂದು ಅವರನ್ನು ಹತ್ತಿಸಿಕೊಂಡಿತು. ಸೆಪ್ಟೆಂಬರಿನಲ್ಲಿ ಅವರು ನ್ಯೂಯಾರ್ಕನ್ನು ತಲುಪಿದರು. ಈ ಸಂಶೋಧನೆಯ ಫಲವಾದ ಬಾಫಿನ್‌ಲ್ಯಾಂಡ್ ಎಂಬ ಗ್ರಂಥವು 1885ರಲ್ಲಿ ಪ್ರಕಟವಾಯಿತು. ಅದರ ಆಧಾರದ ಮೇಲೆ 1886ರಲ್ಲಿ ಬರ್ಲಿನ್ ವಿಶ್ವವಿದ್ಯಾನಿಲಯವು ಅವರಿಗೆ ಅಧ್ಯಾಪನದ ಅರ್ಹತೆಯನ್ನು ನೀಡಿತು. ಆದರೆ ಯೆಹೂದ್ಯರ ಮೇಲಿನ ದ್ವೇಷ ಹೆಚ್ಚುತ್ತಿದ್ದ ಜರ್ಮನಿಯಲ್ಲಿ ಅವರಿಗೆ ಭವಿಷ್ಯವು ಆಶಾದಾಯಕವಾಗಿ ಕಾಣಲಿಲ್ಲ. 1887ರಲ್ಲಿ ಮೇರಿಯವರನ್ನು ವಿವಾಹವಾಗಿ ಅಮೆರಿಕದಲ್ಲಿ ನೆಲೆನಿಂತರು. ಇನ್ಯೂಟರ ಬದುಕನ್ನು ವಿವರಿಸುವ ಮಧ್ಯ ಎಸ್ಕಿಮೋಗಳು ಎಂಬ ಅವರ ಗ್ರಂಥ 1888ರಲ್ಲಿ ಇಂಗ್ಲಿಷಿನಲ್ಲಿ ಹೊರಬಂದಿತು.

ನೀರಿನ ಬಣ್ಣದ ಹಳೆಯ ಪ್ರಶ್ನೆ 1889ರಲ್ಲಿ ಮತ್ತೊಂದು ರೂಪದಲ್ಲಿ ತಲೆಯೆತ್ತಿತು. ಆದಿವಾಸಿಗಳು ಒಂದೇ ಪದವನ್ನು ಒಮ್ಮೆ ಒಂದು ರೀತಿ, ಮತ್ತೊಮ್ಮೆ ಇನ್ನೊಂದು ರೀತಿ ಉಚ್ಚರಿಸುತ್ತಾರೆ, ಅವರ ಭಾಷೆ ಇನ್ನೂ ಬೆಳೆದಿಲ್ಲ ಎಂದು ಕೆಲವು ವಿದ್ವಾಂಸರು ಹೇಳುತ್ತಿದ್ದರು. ಬೋವಾಸರು ಬಾಫಿನ್ ದ್ವೀಪದಲ್ಲಿ ತಾವೇ ಬರೆದುಕೊಂಡಿದ್ದ ಟಿಪ್ಪಣಿಗಳನ್ನು ತೆರೆದು ನೋಡಿದರು. ಒಂದೇ ಪದವನ್ನು ತಾವು ಬೇರೆಬೇರೆ ದಿನ ಬೇರೆಬೇರೆಯಾಗಿ ಬರೆದಿದ್ದುದು ಕಂಡಿತು. ದೋಷವು ನುಡಿದವರ ನಾಲಗೆಯಲ್ಲಿರಲಿಲ್ಲ, ಕೇಳಿದವರ ಕಿವಿಯಲ್ಲಿತ್ತು. ಕನ್ನಡವನ್ನು ಅರಿಯದವನ ಕಿವಿಗೆ ಹಳ್ಳಿಯೂ ಹಲ್ಲಿಯೂ ಒಂದೇ ಆಗಿ ಕೇಳಿಸಿದರೆ ಅದು ಕನ್ನಡದ ಕೊರತೆಯಲ್ಲವಷ್ಟೆ. ತಪ್ಪನ್ನು ಮೊದಲು ತನ್ನಲ್ಲಿ ಹುಡುಕುವ ಈ ಗುಣವೇ ಅವರ ಪಾಂಡಿತ್ಯದ ತಿರುಳು.

1896ರಲ್ಲಿ ಬೋವಾಸರು ನ್ಯೂಯಾರ್ಕಿನ ಪ್ರಕೃತಿವಿಜ್ಞಾನ ವಸ್ತುಸಂಗ್ರಹಾಲಯವನ್ನೂ ಕೊಲಂಬಿಯ ವಿಶ್ವವಿದ್ಯಾನಿಲಯವನ್ನೂ ಸೇರಿದರು. ಆ ಅವಧಿಯಲ್ಲಿಯೇ ಅವರ ಜೀವನಕ್ಕೆ ಅಂಟಿದ ಕಳಂಕವೂ ಒದಗಿತು. ಅಧ್ಯಯನಕ್ಕಾಗಿ ಇನ್ಯೂಟ್ ಒಬ್ಬನನ್ನು ಕರೆತರಬಹುದೆಂದು ಧ್ರುವಶೋಧಕನಾದ ಪಿಯರಿಗೆ ಅವರು ಸೂಚಿಸಿದ್ದರು. 1897ರಲ್ಲಿ ಪಿಯರಿ ಗ್ರೀನ್‌ಲ್ಯಾಂಡಿನಿಂದ ಆರು ಮಂದಿಯನ್ನು ಕರೆತಂದನು. ಅವರನ್ನು ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ ಇರಿಸಲಾಯಿತು. ಕೆಲವೇ ತಿಂಗಳುಗಳಲ್ಲಿ ನಾಲ್ವರು ಕ್ಷಯರೋಗಕ್ಕೆ ಬಲಿಯಾದರು. ಮಡಿದವರಲ್ಲಿ ಒಬ್ಬನಾದ ಕಿಸುಕ್‌ನ ಎಳೆಯ ಮಗ ಮಿನಿಕ್‌ನ ಮುಂದೆ ಶವಸಂಸ್ಕಾರದ ನಟನೆಯನ್ನು ನಡೆಸಿ, ತಂದೆಯ ಅಸ್ಥಿಪಂಜರವನ್ನು ಸಂಗ್ರಹಾಲಯದಲ್ಲಿಯೇ ಇಟ್ಟುಕೊಳ್ಳಲಾಯಿತು. ಬೆಳೆದ ಮೇಲೆ ಸತ್ಯವನ್ನು ತಿಳಿದ ಮಿನಿಕ್ ತಂದೆಯ ಅಸ್ಥಿಗಾಗಿ ಬೇಡಿಕೊಂಡರೂ ಅದು ದೊರೆಯಲಿಲ್ಲ. ಹುಡುಗನ ದುಃಖವನ್ನು ತಪ್ಪಿಸಲೆಂದು ಹಾಗೆ ಮಾಡಿದುದಾಗಿ ಬೋವಾಸರು ಸಮರ್ಥಿಸಿಕೊಂಡರು. ಆ ನಾಲ್ವರ ಅಸ್ಥಿಗಳು ಗ್ರೀನ್‌ಲ್ಯಾಂಡಿಗೆ ಮರಳಿ ಮಣ್ಣು ಸೇರಿದುದು 1993ರಲ್ಲಿ. ಇನ್ಯೂಟರ ಮನೆಯಲ್ಲಿ ಆತಿಥ್ಯ ಪಡೆದವರು, ಇನ್ಯೂಟರು ತಮ್ಮೂರಿಗೆ ಬಂದಾಗ ಆ ಋಣವನ್ನು ತೀರಿಸಲಿಲ್ಲ. ಹಿಮದ ನಾಡಿನ ಪಾಠವನ್ನು ಕಲಿತವರೂ ಅದನ್ನು ಮರೆಯಬಲ್ಲರು ಎಂಬುದಕ್ಕೆ ಈ ಪ್ರಸಂಗವೇ ಸಾಕ್ಷಿ.

ಮುಂದಿನ ವರ್ಷಗಳಲ್ಲಿ ಬೋವಾಸರು ತಮ್ಮ ಸಮಸ್ತ ಶಕ್ತಿಯನ್ನೂ ಜನಾಂಗಭೇದದ ಸಿದ್ಧಾಂತಗಳನ್ನು ಎದುರಿಸಲು ವಿನಿಯೋಗಿಸಿದರು. 1906ರಲ್ಲಿ ಅಟ್ಲಾಂಟ ವಿಶ್ವವಿದ್ಯಾನಿಲಯದ ಕರಿಯ ವಿದ್ಯಾರ್ಥಿಗಳ ಪದವಿಪ್ರದಾನ ಸಮಾರಂಭದಲ್ಲಿ ಆಫ್ರಿಕದ ಪ್ರಾಚೀನ ರಾಜ್ಯಗಳ ಹಿರಿಮೆಯನ್ನು ವಿವರಿಸಿದರು. ವಲಸೆ ಬಂದ ಜನರನ್ನೂ ಅವರ ಮಕ್ಕಳನ್ನೂ ಕೂಡಿ ಸುಮಾರು 18,000 ಮಂದಿಯ ದೇಹದ ಅಳತೆಗಳನ್ನು ತೆಗೆಸಿದರು. ಜನಾಂಗದ ಸ್ಥಿರವಾದ ಗುರುತೆಂದು ಭಾವಿಸಲಾಗಿದ್ದ ತಲೆಯ ಆಕಾರವೂ ಹೊಸ ನೆಲದಲ್ಲಿ ಹುಟ್ಟಿದ ಮಕ್ಕಳಲ್ಲಿ ವ್ಯತ್ಯಾಸ ಹೊಂದುವುದೆಂದು 1911ರಲ್ಲಿ ತೋರಿಸಿದರು. ಆ ವ್ಯತ್ಯಾಸದ ಪ್ರಮಾಣವನ್ನು ಕುರಿತು ಮುಂದೆ ಚರ್ಚೆ ನಡೆದರೂ, ಜನಾಂಗಗಳು ಅಚ್ಚಿನಲ್ಲಿ ಎರೆದಂತೆ ಸ್ಥಿರವೆಂಬ ಭಾವನೆಗೆ ಅದು ಬಲವಾದ ಪೆಟ್ಟು ಕೊಟ್ಟಿತು. ಅದೇ ವರ್ಷ ಆದಿಮಾನವನ ಮನಸ್ಸು ಎಂಬ ಅರ್ಥದ ಹೆಸರಿನ ಅವರ ಪ್ರಸಿದ್ಧ ಗ್ರಂಥ ಪ್ರಕಟವಾಯಿತು. ಎಲ್ಲ ಜನರ ಬುದ್ಧಿಶಕ್ತಿಯೂ ಮೂಲತಃ ಸಮಾನ; ಭೇದಗಳು ಸಂಸ್ಕೃತಿ ಮತ್ತು ಇತಿಹಾಸದಿಂದ ಬಂದವು ಎಂಬುದು ಅದರ ಸಾರ. ಇಷ್ಟಾದರೂ ಜನಾಂಗದ ದೃಷ್ಟಿಯಿಂದ ವಲಸೆಯನ್ನು ನಿರ್ಬಂಧಿಸುವ ಕಾನೂನು 1924ರಲ್ಲಿ ಅಮೆರಿಕದಲ್ಲಿ ಜಾರಿಗೆ ಬಂದಿತು. ಸತ್ಯವನ್ನು ನಿರೂಪಿಸಿದ ಮಾತ್ರಕ್ಕೆ ಅದು ಗೆಲ್ಲುವುದಿಲ್ಲವೆಂಬುದನ್ನು ಅವರು ಅನುಭವದಿಂದ ಅರಿತರು, ಆದರೂ ಹಿಂಜರಿಯಲಿಲ್ಲ.

ಕೊಲಂಬಿಯದಲ್ಲಿ ಅವರು ಒಂದು ವಿದ್ವತ್ಪರಂಪರೆಯನ್ನೇ ಬೆಳೆಸಿದರು. ಆಲ್ಫ್ರೆಡ್ ಕ್ರೋಬರ್, ಎಡ್ವರ್ಡ್ ಸಪೀರ್, ರೂತ್ ಬೆನೆಡಿಕ್ಟ್, ಮಾರ್ಗರೆಟ್ ಮೀಡ್ ಅವರ ಶಿಷ್ಯರು. ಕರಿಯ ಲೇಖಕಿ ಜೋರಾ ನೀಲ್ ಹರ್ಸ್‌ಟನ್ ಕೂಡ ಅವರಲ್ಲಿ ಅಭ್ಯಾಸ ಮಾಡಿದವರು. ಒಂದು ಜನಸಮುದಾಯವನ್ನು ಅರಿಯಬೇಕಾದರೆ ಅವರ ನಡುವೆ ಬಾಳಬೇಕು, ಅವರ ಭಾಷೆಯನ್ನು ಕಲಿಯಬೇಕು, ಅವರ ಕಣ್ಣಿನಿಂದ ಲೋಕವನ್ನು ನೋಡಬೇಕು ಎಂಬುದನ್ನು ಬೋವಾಸರು ಈ ಶಿಷ್ಯರಿಗೆ ಒತ್ತಿ ಕಲಿಸಿದರು. ಅವರ ಸಂಶೋಧನಾಪದ್ಧತಿಯ ಬೇರು ಕಂಬರ್‌ಲ್ಯಾಂಡ್ ಕೊಲ್ಲಿಯ ಆ ಒಂದು ಚಳಿಗಾಲದಲ್ಲಿದೆ.

1933ರಲ್ಲಿ ನಾಜಿಗಳು ಜರ್ಮನಿಯಲ್ಲಿ ಅಧಿಕಾರಕ್ಕೆ ಬಂದು, ಒಪ್ಪದ ಗ್ರಂಥಗಳನ್ನು ಸುಟ್ಟಾಗ ಬೋವಾಸರ ಗ್ರಂಥಗಳೂ ಬೆಂಕಿಗೆ ಆಹುತಿಯಾದವು. ಎಪ್ಪತ್ತೈದರ ವೃದ್ಧರು ಸುಮ್ಮನಿರಲಿಲ್ಲ. ಲೇಖನಗಳಿಂದಲೂ ಭಾಷಣಗಳಿಂದಲೂ ಜನಾಂಗದ್ವೇಷವನ್ನು ಖಂಡಿಸಿದರು. ಆಶ್ರಯ ಕೋರಿ ಬಂದ ವಿದ್ವಾಂಸರಿಗೆ ನೆರವಾದರು. 1942ನೆಯ ಡಿಸೆಂಬರ್ 21ರಂದು, ಫ್ರಾನ್ಸಿನಿಂದ ಬಂದಿದ್ದ ಮಾನವಶಾಸ್ತ್ರಜ್ಞ ಪಾಲ್ ರಿವೆ ಅವರ ಗೌರವಾರ್ಥ ಕೊಲಂಬಿಯದಲ್ಲಿ ನಡೆದ ಭೋಜನಕೂಟದಲ್ಲಿ ಮಾತನಾಡುತ್ತಿದ್ದಂತೆಯೇ ಅವರು ಕುಸಿದು ಕೊನೆಯುಸಿರೆಳೆದರು. ಆಗ ಅವರಿಗೆ 84 ವರ್ಷ.

ಕೆಕರ್ಟನ್ ನಡುಗಡ್ಡೆಯಲ್ಲಿ ಇಂದು ಜನವಸತಿಯಿಲ್ಲ. ಅದು ಸೇರಿದ ಪ್ರದೇಶವು 1999ರಲ್ಲಿ ನುನಾವುಟ್ ಎಂಬ ಪ್ರತ್ಯೇಕ ಆಡಳಿತಪ್ರಾಂತವಾಯಿತು. ಆ ಹೆಸರಿಗೆ ಇನ್ಯೂಟರ ನುಡಿಯಲ್ಲಿ ನಮ್ಮ ನಾಡು ಎಂದು ಅರ್ಥ. ಬೋವಾಸರು ಬರೆದುಕೊಂಡ ಸ್ಥಳನಾಮಗಳೂ ಕಥೆಗಳೂ ಆ ಜನರ ಪೂರ್ವಿಕರ ನೆನಪಿನ ಭಂಡಾರವಾಗಿ ಉಳಿದಿವೆ. ಹಿಮದಲ್ಲಿ ದಾರಿ ತಪ್ಪಿ ಬಂದ ಅಪರಿಚಿತನಿಗೆ ಬಾಗಿಲು ತೆರೆದವರ ಹೆಸರುಗಳಲ್ಲಿ ಹೆಚ್ಚಿನವು ಲೋಕಕ್ಕೆ ತಿಳಿಯದು. ಆದರೆ ಮನುಷ್ಯರೆಲ್ಲರೂ ಸಮಾನರೆಂದು ಬೋವಾಸರು ಜಗತ್ತಿಗೆ ಬೋಧಿಸಿದ ಪಾಠದಲ್ಲಿ ಮೊದಲ ಗುರುಗಳು ಅವರೇ.